ದವನದ ಹುಣ್ಣಿಮೆ ಕಳೆದ ರವಿವಾರ

ಚಿಮ್ಮಡ
೨೨ ಫೆಬ್ರುವರಿ ೨೦೨೬

ತಮ್ಮ ಮಾಳು,

ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಓಡಲಿಲ್ಲ. ಅದಕ್ಕೆ ಇದ್ದೇವೆ ಎಂದಷ್ಟೇ ಬರೆದಿದ್ದೇನೆ.

ಹೋದ ರವಿವಾರ ನೀನು ಫೋನು ಮಾಡಿದಾಗ ನಾನು ಹೂಂ ಹೂಂ ಎಂದು ಇಟ್ಟುಬಿಟ್ಟೆ ಎಂದು ಸಿಟ್ಟಾಗಬೇಡ. ನಿಮ್ಮ ಬೈಬಲ್ ತರಬೇತಿ ಶಾಲೆಯವರು ಮೊಬೈಲು ಕಸಿದಿಟ್ಟುಕೊಂಡು ವಾರಕ್ಕೊಮ್ಮೆ ಆಫೀಸಿನ ಫೋನು ಕೊಡುತ್ತಾರೆ. ನಿನ್ನ ಹಿಂದೆ ನಿಂತವರ ಕೆಮ್ಮು ಕೂಡ ನನಗೆ ಇಲ್ಲಿ ಕೇಳಿಸುತ್ತದೆ. ಅಂಥ ಫೋನಿನಲ್ಲಿ ಅಪ್ಪ ಸತ್ತ ಮಾತು ಹೇಗೆ ಆಡುವುದು? ಹೈಸ್ಕೂಲಿನಲ್ಲಿ ರಜೆಯ ಚೀಟಿ ಬರೆದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪು ಕಂಡರೆ ನುಂಗಿಕೋ.

ಅಪ್ಪ ಅವತ್ತು ಎಂದಿನಂತೆ ಕುರಿ ಹೊಡೆದುಕೊಂಡು ಹೋದ. ಸಂಜೆಗೆ ಕುರಿಗಳು ತಾವಾಗಿಯೇ ಮನೆಗೆ ಬಂದವು. ನಮ್ಮ ಮನೆಯವರು, ನಿಮ್ಮ ಮಾಮ, ಆಟೋ ತೆಗೆದುಕೊಂಡು ಹುಡುಕಲು ಹೋದರು. ಜಾಲಿ ಗಿಡದ ಬುಡಕ್ಕೆ ಒರಗಿ ಕೂತಿದ್ದನಂತೆ, ರುಮಾಲು ಕೂಡ ಜಾರಿರಲಿಲ್ಲವಂತೆ. ಬಾಯಿಯಲ್ಲಿ ಬೀಡಿ ಇಲ್ಲದ್ದು ನೋಡಿ ಮಾಮನಿಗೆ ಅನುಮಾನ ಬಂತಂತೆ. ಮರುದಿನ ಮಧ್ಯಾಹ್ನ ಗಂಡಸರು ಹಳ್ಳದ ದಂಡೆಗೆ ಒಯ್ದು ಮಣ್ಣು ಮಾಡಿ ಬಂದರು. ನಿಮ್ಮ ಆಫೀಸಿಗೆ ಮಾಮ ಮೂರು ಸಲ ಫೋನು ಮಾಡಿದ್ದರು. ನಿನಗೆ ಹೇಳಿದ್ದು ಯಾವಾಗಲೋ.

ಮೂರನೇ ದಿನದ್ದು ನಿನಗೆ ಗೊತ್ತೇ ಇದೆ. ನಮ್ಮ ಮನೆತನದಲ್ಲಿ ಮಣ್ಣಿನ ದಿನ ಹೆಂಗಸರು ಹೋಗುವುದಿಲ್ಲ. ಮೂರನೇ ದಿನವೇ ಹೋಗಿ ಮೊದಲ ಸಲ ಗೋರಿ ನೋಡಿ, ಹಾಲು-ತುಪ್ಪ ಬಿಟ್ಟು, ಸತ್ತವರು ಇಷ್ಟಪಡುತ್ತಿದ್ದದ್ದನ್ನು ಎಡೆ ಇಡುತ್ತಾರೆ. ಮಗನಾದವನು ತಲೆಯ ಕಡೆ ಒಂದು ಕಲ್ಲು ನೆಡುತ್ತಾನೆ. ನೀನು ಫೋನಿನಲ್ಲಿ ಹೇಳಿದೆ, "ಅದು ವಿಗ್ರಹದವರ ಪದ್ಧತಿ ಅಕ್ಕಾ. ಅವ್ವ ವಿಶ್ವಾಸಿ ಅದಾಳ. ಆಕಿ ಮಾಡಬಾರದು." ಅವ್ವನಿಗೆ ಹೇಳಿದೆ. ಆಕೆ "ಆತು" ಎಂದಳು. ದೊಡ್ಡಪ್ಪನ ಮಕ್ಕಳಿಗೂ ಹೇಳಿದೆ. ಅವರು ಬೀರೇಶ್ವರನ ಗುಡಿಕಟ್ಟೆಯ ಮೇಲೆ ಕೂತಿದ್ದರು. "ನಿಮ್ಮ ದೇವರು ಬ್ಯಾರೆ ಆದ ಮ್ಯಾಲ ನಾವ್ಯಾಕ ನಡುವ ಬರೂಣು?" ಎಂದರು. ಯಾರೂ ಹೋಗಲಿಲ್ಲ.

ಅವ್ವ ಅತ್ತಿಲ್ಲ. ಉಣ್ಣುತ್ತಾಳೆ, ಮಲಗುತ್ತಾಳೆ, ಕೇಳಿದ್ದಕ್ಕೆ ಹೇಳುತ್ತಾಳೆ. ನಾನೂ ಮಗ್ಗದ ಕಾರ್ಖಾನೆಗೆ ಹೋಗಿ ನೂಲು ಸುತ್ತಿ ಬರುತ್ತಿದ್ದೇನೆ. ಆ ಸದ್ದಿನಲ್ಲಿ ಒಳ್ಳೆಯದು, ಏನೂ ಕೇಳಿಸುವುದಿಲ್ಲ.

ಒಂದೇ ಒಂದು ಮಾತು ಕೇಳಬೇಕಿತ್ತು. ಬನಹಟ್ಟಿಯ ಪ್ರಾರ್ಥನಾ ಮನೆ ನಡೆಸುವ ಹಾಲೇಶಣ್ಣ ಹೋದ ವಾರ ಹೇಳಿದ, ಈ ಸಲ ಈಸ್ಟರ್ ದಿನ ನಸುಕಿನಲ್ಲಿ ಎಲ್ಲರೂ ತಮ್ಮ ತಮ್ಮ ಸತ್ತವರ ಗೋರಿಗೆ ಮೇಣದಬತ್ತಿ ತೆಗೆದುಕೊಂಡು ಹೋಗೋಣ ಎಂದು. ಸತ್ತವರು ವಿಶ್ವಾಸಿಗಳಲ್ಲದಿದ್ದರೂ ನಡೆಯುತ್ತದೆ ಎಂದ. ಅಪ್ಪ ಹೋದಾಗಿನಿಂದ ಅವ್ವ ಬಾಯಿ ಬಿಟ್ಟು ಕೇಳಿದ್ದು ಇದೊಂದೇ: "ಆ ಹಬ್ಬ ಯಾವಾಗ ಬರ್ತೈತಿ?" ದವನದ ಹುಣ್ಣಿಮೆ ಕಳೆದ ರವಿವಾರ ಎಂದೆ. ಆಕೆ ಬೆರಳ ಮೇಲೆ ಎಣಿಸಿದಳು. ಹಬ್ಬಕ್ಕೆ ನಿನಗೆ ರಜೆ ಸಿಗುತ್ತದೆಯೇ ಬರಿ.

ನಿನ್ನ ಅಕ್ಕ
ಪೂನಮ್

*

ತರಬೇತಿ ಶಾಲೆ, ಹೈದರಾಬಾದ್
೩ ಮಾರ್ಚ್ ೨೦೨೬

ಪ್ರಿಯ ಅಕ್ಕಾ,

ಪ್ರಭುವಿನ ಹೆಸರಿನಲ್ಲಿ ನಿನಗೂ ಮಾಮನಿಗೂ ವಂದನೆ, ಅವ್ವನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ನನಗೆ ದುಃಖಕ್ಕಿಂತ ಹೆಚ್ಚಾಗಿ ಧೈರ್ಯ ಬಂತು. ಅವ್ವ ಅತ್ತಿಲ್ಲ ಎಂದು ಬರೆದಿದ್ದಿ. ನಲವತ್ತು ವರ್ಷ ಬಾಳಿದ ಗಂಡ ಹೋದರೂ ಹಣೆ ಬಡಿದುಕೊಳ್ಳದೆ, ಗೋಳಾಡದೆ ಕೂತಿದ್ದಾಳಲ್ಲ, ಇದು ಮನುಷ್ಯರ ಶಕ್ತಿಯಿಂದ ಆಗುವುದಲ್ಲ. ಬುಧವಾರದ ಪ್ರಾರ್ಥನೆಯಲ್ಲಿ ಎದ್ದು ನಿಂತು ಇದನ್ನೇ ಸಾಕ್ಷಿಯಾಗಿ ಹೇಳಿದೆ. ಅನೇಕರ ಕಣ್ಣು ಒದ್ದೆಯಾದವು. ಚಿಮ್ಮಡದ ಸಿದ್ದಕ್ಕ ಎಂದು ನಮ್ಮ ಅವ್ವನ ಹೆಸರು ಹಿಡಿದು ಇಲ್ಲಿ ಒಡಿಶಾದವರು, ಆಂಧ್ರದವರು ದೇವರನ್ನು ಸ್ತುತಿಸಿದರು. ಇದನ್ನು ಅವ್ವನಿಗೆ ಓದಿ ಹೇಳು.

ಆದರೆ ಹಾಲೇಶಣ್ಣನ ವಿಷಯ ಕೇಳಿ ನನಗೆ ಗಾಬರಿಯಾಯಿತು. ಈಸ್ಟರ್ ನಮ್ಮ ಹಬ್ಬವೇ ಅಲ್ಲ ಅಕ್ಕಾ. ಈ ತಿಂಗಳು ನಮ್ಮ ವಾರ್ಡನ್ ಸರ್ ಅದನ್ನೇ ಪಾಠ ಮಾಡುತ್ತಿದ್ದಾರೆ. ಆ ಹೆಸರೇ ಹಳೆಯ ಕಾಲದ ಒಬ್ಬ ವಸಂತ ದೇವತೆಯದು. ಜನ ಸುವಾರ್ತೆಗೆ ಬಂದ ಮೇಲೂ ಹಳೆಯ ಪೂಜೆ ಬಿಡಲಾರದೆ ಅದಕ್ಕೆ ಯೇಸುವಿನ ಅಂಗಿ ತೊಡಿಸಿದರು. ಮೊಟ್ಟೆ, ಮೊಲ ಎಲ್ಲ ಆಕೆಯ ಗುರುತುಗಳು. ದಿನ ಇಡುವುದೂ ಹುಣ್ಣಿಮೆ ನೋಡಿಯೇ. ಹುಣ್ಣಿಮೆ ಅಮಾವಾಸ್ಯೆ ಎಣಿಸುವುದನ್ನು ಬಿಡಬೇಕೆಂದೇ ಅಲ್ಲವೇ ನಾನು ಗುಡಿಕಟ್ಟೆ ಇಳಿದು ಬಂದದ್ದು? ಮುಂದಿನ ಬಾಗಿಲಿನಿಂದ ಹೊರಹಾಕಿದ್ದನ್ನು ಹಿತ್ತಲ ಬಾಗಿಲಿನಿಂದ ಕರೆಯುವುದು ಯಾವ ನ್ಯಾಯ? ಅದರಲ್ಲೂ ಗೋರಿಗೆ ದೀಪ ಹಚ್ಚುವುದು!

ಮೇ ತಿಂಗಳಲ್ಲಿ ನನ್ನ ತರಬೇತಿ ಮುಗಿಯುತ್ತದೆ, ಬನಹಟ್ಟಿಯ ಸಭೆ ನನ್ನ ಕೈಗೆ ಬರುತ್ತದೆ. ತಳಪಾಯ ಸೊಟ್ಟಗಿದ್ದರೆ ನಾನು ಗೋಡೆ ಹೇಗೆ ಎತ್ತಲಿ? ಹಾಲೇಶಣ್ಣನಿಗೆ ಬೇರೆ ಕಾಗದ ಹಾಕಿದ್ದೇನೆ, ಈ ವರ್ಷದಿಂದ ಈಸ್ಟರ್ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೇನೆ.

ಅಪ್ಪನ ಕುರಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಆ ಕಿವಿ ಹರಿದ ಟಗರು ಇದೆಯೇ, ಮಾರಿದಿರಾ?

ನಿನ್ನ ತಮ್ಮ
ಮಾಳು

*

ಚಿಮ್ಮಡ
೧೨ ಮಾರ್ಚ್ ೨೦೨೬

ಮಾಳು,

ಟಗರು ಇದೆ. ಕುರಿಗಳನ್ನು ಮಾಮ ನೋಡಿಕೊಳ್ಳುತ್ತಾರೆ, ಆಟೋ ಓಡಿಸುವವನಿಗೆ ಕುರಿ ಎಷ್ಟು ಗೊತ್ತೋ ಅಷ್ಟು.

ಹಾಲೇಶಣ್ಣ ನಿನ್ನ ಕಾಗದವನ್ನು ಎಲ್ಲರ ಮುಂದೆ ಓದಿದ. ಪಕ್ಕದ ಗೋಡೆಯಾಚೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು, ಅರ್ಧ ಕೇಳಿಸಿತು, ಅರ್ಧ ಇಲ್ಲ. ಮೊಟ್ಟೆಯ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು. ಹಬ್ಬದ ಅಡುಗೆ ಒಪ್ಪಿಕೊಂಡಿದ್ದ ಭಾಗ್ಯಾ ಎದ್ದು ನಿಂತು, "ತತ್ತಿ ಬ್ಯಾಡಂದ್ರ ಸಾರು ಯಾತರದು ಮಾಡ್ಲಿ? ಬ್ಯಾಳಿ ಯಾವ ದೇವತಿದೂ ಅಲ್ಲ ಹೌದಿಲ್ಲೋ, ಮೊದಲ ಕೇಳ್ರಿ," ಎಂದಳು. ಜನ ನಕ್ಕರು. ಹಾಲೇಶಣ್ಣ ನಗಲಿಲ್ಲ. "ಮಾಳಪ್ಪ ಓದಾಕತ್ತಾನ. ನಾವು ಓದಿಲ್ಲ. ಅಂವ ಬ್ಯಾಡ ಅಂದ್ರ ಬ್ಯಾಡ," ಎಂದು ಕಾಗದ ಮಡಚಿ ಜೇಬಿಗೆ ಹಾಕಿದ. ಹತ್ತು ವರ್ಷದಿಂದ ನಡೆಸಿಕೊಂಡು ಬಂದವನು ಒಂದು ಕಾಗದಕ್ಕೆ ಬಿಟ್ಟುಕೊಟ್ಟ. ನಿನ್ನ ಮೇಲೆ ಅಷ್ಟು ಭಕ್ತಿ.

ಮನೆಗೆ ಬರುವಾಗ ಆಟೋದಲ್ಲಿ ಅವ್ವ ಕೇಳಿದಳು, "ಆ ದೇವತಿ ಯಾವ ಊರಾಕಿ?"

"ಭಾಳ ದೂರದಾಕಿ. ಸಾವಿರ ವರ್ಷದ ಹಿಂದಿನಾಕಿ," ಎಂದೆ.

"ಆಕಿಗೂ ನನಗೂ ಏನ್ ಜಗಳ?" ಎಂದಳು.

ನಾನು ಮೊದಲ ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ನೀನು ಅಲ್ಲಿ ಎದ್ದು ನಿಂತು ಊರೂರಿನವರಿಗೆ ಹೇಳಿದ್ದು ಓದಿ ನನಗೆ ತಡೆಯಲಾಗಲಿಲ್ಲ. ಅವ್ವ ಅಳದಿರುವುದು ಶಾಂತಿಯಿಂದಲ್ಲ. ಆಕೆಗೆ ಅಪ್ಪ ಸತ್ತದ್ದು ಇನ್ನೂ ತಿಳಿದೇ ಇಲ್ಲ. ತಿಳಿದಿದೆ, ಕೇಳಿದರೆ ಹೌದೆನ್ನುತ್ತಾಳೆ. ಆದರೆ ರೊಟ್ಟಿ ಬಡಿಯುವಾಗ ಅಪ್ಪನ ಪಾಲಿನವು ಎರಡು ತೆಗೆದು ಬಟ್ಟೆಯಲ್ಲಿ ಸುತ್ತಿಡುತ್ತಾಳೆ. ಬೆಳಿಗ್ಗೆ ಅವು ಗಟ್ಟಿಯಾಗಿರುತ್ತವೆ, ಕುರಿಗೆ ಹಾಕುತ್ತಾಳೆ. ಯಾಕೆ ಇಟ್ಟೆ ಎಂದು ಒಮ್ಮೆ ಕೇಳಿದೆ. "ನಾ ನೋಡಿಲ್ಲಲ್ಲ," ಎಂದಳು. ಅಷ್ಟೇ. ಹೆಣ ಎತ್ತಿಕೊಂಡು ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದ್ದಾಳೆ. ಎಲ್ಲಿ ಇಟ್ಟರು ಎಂದು ನೋಡಿಲ್ಲ. ನಮ್ಮ ಹೆಂಗಸರಿಗೆ ಮೂರನೇ ದಿನ ಇರುವುದೇ ಅದಕ್ಕೆ. ಅದನ್ನು ನೀನು ಬೇಡ ಎಂದೆ. ಉಳಿದದ್ದು ಈಸ್ಟರ್ ಒಂದು.

ಇನ್ನೊಂದು. ಹಾಲೇಶಣ್ಣ ಕಳೆದ ವರ್ಷ ಓದಿದ ಸುವಾರ್ತೆ ಅವ್ವನಿಗೆ ನೆನಪಿದೆ. ಯೇಸುವನ್ನು ಇಟ್ಟ ಮೂರನೇ ದಿನ ನಸುಕಿನಲ್ಲಿ ಹೆಣ್ಣುಮಕ್ಕಳು ಸುಗಂಧದ ಎಣ್ಣೆ ತೆಗೆದುಕೊಂಡು ಗೋರಿಗೆ ಹೋದರು ಎಂಬುದು. ಅವ್ವ ನಿನ್ನೆ ನನಗೆ ಹೇಳಿದಳು, ಅವಳ ಮಾತಿನಲ್ಲೇ ಬರೆಯುತ್ತೇನೆ: "ಅವರೂ ನಮ್ಮಂಗ ಮೂರು ದಿನಕ್ಕ ಹೋಗಿದ್ರಲ್ಲ. ಅವರನ್ನ ಯಾರರೆ ಬ್ಯಾಡ ಅಂದಿದ್ರೇನು? ಮಾಳೂನ್ನ ಕೇಳು."

ಕೇಳಿದ್ದೇನೆ. ಉತ್ತರ ಬರಿ.

ಪೂನಮ್

*

ತರಬೇತಿ ಶಾಲೆ, ಹೈದರಾಬಾದ್
೧೮ ಮಾರ್ಚ್ ೨೦೨೬

ಅಕ್ಕಾ,

ನಿನ್ನ ಕಾಗದದ ಧಾಟಿ ನಿನ್ನದಲ್ಲ, ಅದರಲ್ಲಿ ಮಾಮನ ಮಾತು ಕಾಣಿಸಿತು. ಆತ ವಿಶ್ವಾಸಿಯಲ್ಲ, ಆತನ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಅವ್ವನ ಮನಸ್ಸಿನಲ್ಲಿ ಇಲ್ಲದ ಆಸೆಯನ್ನು ನೀವು ಹುಟ್ಟಿಸಬೇಡಿ.

ಆ ಹೆಣ್ಣುಮಕ್ಕಳನ್ನು ಯಾರೂ ತಡೆಯಲಿಲ್ಲ, ನಿಜ. ಆದರೆ ಹೋಗಿ ಏನು ಕಂಡರು? ಬರಿದಾದ ಗೋರಿ. ಅಲ್ಲಿ ಹುಡುಕಬೇಡಿ ಎಂದೇ ಅವರಿಗೆ ಉತ್ತರ ಸಿಕ್ಕಿತು. ಗೋರಿ ಎಂದರೆ ಮಣ್ಣು ಅಕ್ಕಾ. ಮಣ್ಣನ್ನು ನೋಡಿ ಅವ್ವನಿಗೆ ಆಗಬೇಕಾದದ್ದೇನು? ರೊಟ್ಟಿ ಎತ್ತಿಡುವುದು ನಲವತ್ತು ವರ್ಷದ ಕೈರೂಢಿ, ದಿನ ಕಳೆದಂತೆ ಹೋಗುತ್ತದೆ.

ನಾನು ಈಸ್ಟರಿನ ಮೂಲದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಾರ್ಡನ್ ಸರ್ ಅದನ್ನು ಕನ್ನಡದಲ್ಲಿ ಕರಪತ್ರವಾಗಿ ಅಚ್ಚು ಹಾಕಿಸುತ್ತಾರಂತೆ. ಜಮಖಂಡಿ, ಮುಧೋಳ, ಬೀಳಗಿಯ ಎಲ್ಲ ಸಭೆಗಳಿಗೂ ಹಂಚಬಹುದು. ಆಧಾರಗಳಿಗಾಗಿ ಗ್ರಂಥಾಲಯದ ಸಾಲೊಮನ್ ಸರ್ ಹತ್ತಿರ ಕೂತಿದ್ದೇನೆ. ಪುಸ್ತಕದ ಹೆಸರು, ಪುಟ, ಎಲ್ಲ ಸಮೇತ ನಿನಗೂ ಕಳಿಸುತ್ತೇನೆ. ಆಗ ನೀನೇ ಒಪ್ಪುತ್ತಿ.

ಮಾಳು

*

ತರಬೇತಿ ಶಾಲೆ, ಹೈದರಾಬಾದ್
೨೭ ಮಾರ್ಚ್ ೨೦೨೬

ಅಕ್ಕಾ,

ನಿನ್ನಿಂದ ಕಾಗದ ಬರಲಿಲ್ಲ. ಬರೆದಿಲ್ಲವೆಂದು ತೋರುತ್ತದೆ.

ಆಧಾರ ಸಿಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಒಂದು ವಾರ ಹುಡುಕಿದೆ. ಆ ವಸಂತ ದೇವತೆಯ ಬಗ್ಗೆ ಇಂಗ್ಲೆಂಡಿನ ಒಬ್ಬ ಸನ್ಯಾಸಿ ಸಾವಿರದ ಮುನ್ನೂರು ವರ್ಷದ ಹಿಂದೆ ಒಂದೆರಡು ಸಾಲು ಬರೆದಿದ್ದಾನೆ, ಒಂದು ತಿಂಗಳಿಗೆ ಅವಳ ಹೆಸರಿತ್ತು ಎಂದು. ಅಷ್ಟೇ. ಅವಳಿಗೆ ಮೊಟ್ಟೆ ಇತ್ತೆಂದಾಗಲಿ, ಮೊಲ ಇತ್ತೆಂದಾಗಲಿ ಅವನು ಬರೆದಿಲ್ಲ. ಹಬ್ಬ ಅದಕ್ಕಿಂತ ಎಷ್ಟೋ ಹಳೆಯದು. ಬೇರೆ ಬಹಳ ಭಾಷೆಗಳಲ್ಲಿ ಅದಕ್ಕೆ ಯೆಹೂದ್ಯರ ಪಸ್ಕ ಹಬ್ಬದ ಹೆಸರೇ ಇದೆ, ದೇವತೆಯ ಸುದ್ದಿಯೇ ಇಲ್ಲ. ಹುಣ್ಣಿಮೆಯೂ ಪಸ್ಕದಿಂದಲೇ ಬಂದದ್ದು. ಯೇಸುವೇ ಹುಣ್ಣಿಮೆ ಎಣಿಸಿ ಆ ಹಬ್ಬ ಮಾಡಿದವನು. ಮೊಟ್ಟೆಯದು ಇನ್ನೂ ಸರಳ. ಹಿಂದಿನವರು ಹಬ್ಬದ ಮುಂಚೆ ನಲವತ್ತು ದಿನ ಮೊಟ್ಟೆ ತಿನ್ನುತ್ತಿರಲಿಲ್ಲ. ಕೋಳಿಗಳಿಗೆ ಅದು ಗೊತ್ತಿರಲಿಲ್ಲ, ಅವು ಇಡುತ್ತಲೇ ಇದ್ದವು. ಹಬ್ಬದ ದಿನ ಮನೆ ತುಂಬ ಮೊಟ್ಟೆ.

ಸಾಲೊಮನ್ ಸರ್‌ಗೆ ಕೇಳಿದೆ, ಹಾಗಾದರೆ ಇದರಲ್ಲಿ ಅನ್ಯರದು ಏನೂ ಇಲ್ಲವೇ ಎಂದು. ಅವರು ನಕ್ಕು, ಇಷ್ಟು ಹಳೆಯ ಹಬ್ಬಕ್ಕೆ ದಾರಿಯಲ್ಲಿ ಎಷ್ಟೋ ಊರಿನ ಧೂಳು ಅಂಟಿರುತ್ತದೆ, ಇಲ್ಲ ಎಂದು ಯಾರೂ ಎದೆ ತಟ್ಟಿ ಹೇಳಲಾರರು ಎಂದರು. ನೀನು ಸೋಮವಾರ ಊಟ ಮಾಡುತ್ತೀಯಲ್ಲ, ಅದು ಯಾವ ದೇವರ ವಾರ ಎಂದು ಕೇಳಿ ತಟ್ಟೆ ಹಿಡಿಯುತ್ತೀಯಾ ಎಂದರು.

ಈಗ ಖರೆ ಮಾತು ಹೇಳುತ್ತೇನೆ. ನಾನು ಈಸ್ಟರ್ ಬೇಡ ಎಂದದ್ದು ದೇವತೆಯ ಸಲುವಾಗಿ ಅಲ್ಲ. ಅಪ್ಪನ ಗೋರಿಯ ಮುಂದೆ ನಿಂತು ನಾನು ಏನೆಂದು ಪ್ರಾರ್ಥಿಸಲಿ? ಅವ್ವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪ್ರಾರ್ಥನಾ ಮನೆಗೆ ತಂದು ಬಿಡುತ್ತಿದ್ದವನು ಅವನು. ಮುಗಿಯುವ ತನಕ ಹೊರಗೆ ಕೂತು ಬೀಡಿ ಸೇದುತ್ತಿದ್ದ. ಒಳಗೆ ಬಾ ಎಂದರೆ, "ಒಬ್ಬರಿಗೆ ಒಬ್ಬ ದೇವರು ಸಾಕಪಾ, ನಂದು ನನಗ ಐತಿ," ಎನ್ನುತ್ತಿದ್ದ. ಒಂದು ಸಲವೂ ಒಳಗೆ ಬರಲಿಲ್ಲ. ಈಗ ಅವನು ಎಲ್ಲಿದ್ದಾನೆ ಎಂದು ನಾನು ಕಲಿತ ಪಾಠದ ಪ್ರಕಾರ ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಗೋರಿ ಬೇಡ, ಕಲ್ಲು ಬೇಡ, ಹಬ್ಬ ಬೇಡ ಎಂದುಬಿಟ್ಟರೆ ಆ ಪ್ರಶ್ನೆಯನ್ನು ಯಾರೂ ನನ್ನ ಮುಂದೆ ತರುವುದಿಲ್ಲ ಎಂದುಕೊಂಡಿದ್ದೆ.

ಅವ್ವನನ್ನು ಕರೆದುಕೊಂಡು ಹೋಗು ಅಕ್ಕಾ. ಈಸ್ಟರಿಗೆ ಹೋಗಲಿ, ಯಾವ ದಿನ ಬೇಕೋ ಆ ದಿನ ಹೋಗಲಿ. ಹಾಲು ಬಿಡುವುದಾದರೆ ಬಿಡಲಿ. ಹಾಲೇಶಣ್ಣನಿಗೆ ಬರೆದ ಚೀಟಿ ಇದೇ ಲಕೋಟೆಯಲ್ಲಿದೆ, ಅವನಿಗೆ ಕೊಡು, ಹಬ್ಬ ಮಾಡಲಿ.

ರವಿವಾರ ಫೋನಿನಲ್ಲಿ ಇದನ್ನು ಹೇಳಲಾರೆ. ವಾರ್ಡನ್ ಸರ್ ಪಕ್ಕದಲ್ಲೇ ಇರುತ್ತಾರೆ. ಲೇಖನ ಎಲ್ಲಿ ಎಂದು ದಿನಾ ಕೇಳುತ್ತಿದ್ದಾರೆ.

ಮಾಳು

*

ಚಿಮ್ಮಡ
೬ ಏಪ್ರಿಲ್ ೨೦೨೬

ಮಾಳು,

ನಿನ್ನೆ ಈಸ್ಟರ್ ಇತ್ತು. ನಿನ್ನ ಲೆಕ್ಕದಲ್ಲಿ ಇರಲಿಲ್ಲ.

ಹಾಲೇಶಣ್ಣ ಹಿಂದಿನ ವಾರವೇ ಹೇಳಿದ್ದ, ನಸುಕಿನಲ್ಲಿ ಏನೂ ಇಲ್ಲ, ಹತ್ತು ಗಂಟೆಗೆ ಎಂದಿನ ಪ್ರಾರ್ಥನೆ ಮಾತ್ರ ಎಂದು. ಅವ್ವನೂ ಅಲ್ಲೇ ಕೂತು ಕೇಳಿದ್ದಳು. ಆದರೂ ನಿನ್ನೆ ನನಗೆ ಎಚ್ಚರವಾದಾಗ ಆಕೆ ಜಳಕ ಮಾಡಿ, ಒಗೆದ ಸೀರೆ ಉಟ್ಟು, ತಂಬಿಗೆಯಲ್ಲಿ ಹಾಲು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಹಾಲೇಶಣ್ಣ ಇಲ್ಲ ಅಂದಾನಲ್ಲ ಅವ್ವಾ," ಎಂದೆ.

"ಗೊತ್ತೈತಿ. ಹಂಗ ಎದ್ದೆ."

"ನಾವ ಹೋಗೂಣು ಬಾ. ಇವರು ಆಟೋ ತಗೀತಾರ."

"ಮಗ ಬ್ಯಾಡ ಅಂದಾನ," ಎಂದಳು. "ಓದಿದಾನ ಅಂವ. ಏನರೆ ಗೊತ್ತಿದ್ದ ಬ್ಯಾಡ ಅಂದಿರಬೇಕು."

ನಾನು ಕೈ ಹಿಡಿದು ಎಳೆದೆ. ಏಳಲಿಲ್ಲ. ಬೆಳಕಾಯಿತು. ಹಾಲು ಒಳಗೆ ಒಯ್ದು ಕಾಯಿಸಿ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಹತ್ತಕ್ಕೆ ಬನಹಟ್ಟಿಗೆ ಹೋದೆವು, ಹಾಡಿದೆವು, ಬಂದೆವು. ಅಷ್ಟೂ ಹೊತ್ತು ನನಗೆ ನಿನ್ನ ಮೇಲೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಸೂಜಿ ಹಾಕಿದ ವಸಡಿನ ಹಾಗೆ ಎಲ್ಲವೂ ಜೋಮು ಹಿಡಿದಿದೆ.

ಇಪ್ಪತ್ತೊಂಬತ್ತನೇ ತಾರೀಖು ನಿನ್ನ ಫೋನು ಬಂತು. ಇನ್ನೂ ಒಂದು ವಾರ ಇತ್ತು. ಹೋಗಲಿ ಎಂದು ಒಂದು ಮಾತು ಹೇಳುತ್ತಿ ಎಂದು ಕಾದೆ. ನೀನು, "ಅವ್ವ ಊಟ ಮಾಡಾಕತ್ತಾಳಿಲ್ಲೋ?" ಎಂದೆ. ಮಾಡಾಕತ್ತಾಳ ಎಂದೆ. ನೀನು ಏನೋ ಹೇಳಲು ಬಾಯಿ ತೆಗೆದು ಸುಮ್ಮನಾದ ಹಾಗಾಯಿತು. ನನ್ನ ಭ್ರಮೆ ಇರಬಹುದು.

ಇನ್ನು ನಾನು ಬರೆಯುವುದಿಲ್ಲ. ಬರೆಯುವಂಥದ್ದು ಏನೂ ಉಳಿದಿಲ್ಲ.

ಪೂನಮ್

*

ಚಿಮ್ಮಡ
೧೨ ಏಪ್ರಿಲ್ ೨೦೨೬

ತಮ್ಮ ಮಾಳು,

ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ. ನೀನು ಇಪ್ಪತ್ತೇಳಕ್ಕೆ ಬರೆದ ಕಾಗದ ಗುರುವಾರ ಬಂತು. ಲಕೋಟೆಯ ಮೇಲೆ ಹೈದರಾಬಾದಿನ ಅಂಚೆಯವರು ಏಪ್ರಿಲ್ ನಾಲ್ಕರ ಮೊಹರು ಹೊಡೆದಿದ್ದಾರೆ. ಅಷ್ಟು ದಿನ ಯಾರ ಮೇಜಿನ ಮೇಲೆ ಬಿದ್ದಿತ್ತೋ ನಿನಗೇ ಗೊತ್ತು. ನೀನು ಫೋನಿನಲ್ಲಿ ಬಾಯಿ ತೆಗೆದು ಸುಮ್ಮನಾದದ್ದು ಯಾಕೆಂದೂ ತಿಳಿಯಿತು.

ಸಂಜೆ ಕೆಲಸದಿಂದ ಬಂದು ಅವ್ವನಿಗೆ ಓದಿದೆ. ಸನ್ಯಾಸಿ, ಕೋಳಿ, ಸೋಮವಾರ, ಯಾವುದಕ್ಕೂ ಆಕೆ ಕಿವಿಗೊಡಲಿಲ್ಲ. ಅಪ್ಪ ಬೀಡಿ ಸೇದುತ್ತ ಕೂರುತ್ತಿದ್ದದ್ದನ್ನು ಓದಿದಾಗ ತಲೆ ಎತ್ತಿದಳು. ಮುಗಿದ ಮೇಲೆ, "ಹೋಗು ಅಂತ ಬರದಾನೇನು?" ಎಂದಳು. ಹೌದೆಂದೆ. "ಆ ಸಾಲು ಇನ್ನೊಮ್ಮೆ ಓದು." ಓದಿದೆ. "ಇನ್ನೊಮ್ಮೆ." ಮತ್ತೆ ಓದಿದೆ. "ಹಂಗಾರ ನಾಳೆ ಹೋಗೂಣು," ಎಂದಳು. ಹಬ್ಬದ ಮಾತು ಎತ್ತಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಮೂವರೂ ಹೋದೆವು. ಆದರೆ ಮಾಳು, ಮಂಗಳವಾರ, ಬುಧವಾರ ಇಲ್ಲಿ ಆಲಿಕಲ್ಲು ಸಮೇತ ಮಳೆ ಸುರಿದಿತ್ತು. ಹಳ್ಳ ದಂಡೆ ದಾಟಿ ಬಂದು ಹೋಗಿತ್ತು. ಎರೆ ಮಣ್ಣು ಎಷ್ಟು ಬೇಗ ಕುಸಿಯುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಉಳಿದವರ ಗೋರಿಗಳಿಗೆ ತಲೆಯ ಕಡೆ ಕಲ್ಲಿತ್ತು, ಗೊತ್ತಾಗುತ್ತಿದ್ದವು. ಕಲ್ಲಿಲ್ಲದವು ಎರಡೇ, ಅಕ್ಕಪಕ್ಕ, ಎರಡೂ ನೆಲಸಮ, ಮೇಲೆ ಒಂದೇ ಥರದ ಕೆಸರು. ಒಂದು ಅಪ್ಪನದು. ಇನ್ನೊಂದು ಕಬ್ಬು ಕಡಿಯಲು ಬಂದ ಗ್ಯಾಂಗಿನ ಒಬ್ಬ ಮುದುಕನದು. ಫೆಬ್ರುವರಿ ಕೊನೆಗೆ ಸತ್ತ. ಅವನ ಜನ ಮೂರನೇ ದಿನದ ತನಕ ನಿಲ್ಲದೆ ಮುಂದಿನ ಊರಿಗೆ ಹೋದರಂತೆ. ಹೆಸರು ಕೂಡ ಯಾರಿಗೂ ಗೊತ್ತಿಲ್ಲ.

ಈಸ್ಟರಿಗೇ ಹೋಗಿದ್ದರೆ ಗುಪ್ಪೆ ಇನ್ನೂ ಗುಪ್ಪೆಯಾಗಿಯೇ ಇರುತ್ತಿತ್ತು. ನಿನ್ನನ್ನು ಚುಚ್ಚಲು ಹೇಳುತ್ತಿಲ್ಲ. ಇದ್ದದ್ದು ಹೇಳಿದೆ.

ಅವ್ವ ನಿಂತು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. "ಯಾವುದು ದಶರಥಪ್ಪಾ?" ಎಂದು ಮಾಮನನ್ನು ಕೇಳಿದಳು. ಮಾಮ ಮಣ್ಣು ಹಾಕಿದವರಲ್ಲಿ ಒಬ್ಬರು. ಅವರ ಮುಖವನ್ನು ನಾನು ನೋಡಿದೆ. ಒಂದು ಗಳಿಗೆ ಅಷ್ಟೇ. ಆಮೇಲೆ ಸೀದಾ ನಡೆದು ಎಡಗಡೆಯದರ ಹತ್ತಿರ ಹೋಗಿ, "ಇದ ನೋಡ್ರಿ ಅತ್ತಿ," ಎಂದರು. ಅಷ್ಟು ಗಟ್ಟಿಯಾಗಿ ಹೇಳಿದರು, ನಾನೂ ನಂಬಿದೆ.

ಅವ್ವ ಅದರ ಪಕ್ಕ ಕೂತಳು. ಹಾಲು ಬಿಟ್ಟಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಕುದಿಸಿದ ತತ್ತಿ ಬಿಚ್ಚಿ, ಖಾರಪುಡಿ ಹಚ್ಚಿ ಇಟ್ಟಳು, ಅಪ್ಪ ತಿನ್ನುತ್ತಿದ್ದ ಹಾಗೆ. ಆಮೇಲೆ ಅಂಗೈಯನ್ನು ಹಸಿ ಮಣ್ಣಿನ ಮೇಲೆ ಇಟ್ಟು, "ಇಲ್ಲಿ ಬಂದ ಮಕ್ಕೊಂಡಿಯೇನು? ನನಗೊಂದ ಮಾತ ಹೇಳಲಿಲ್ಲಲ್ಲೋ," ಎಂದಳು. ಆಮೇಲೆ ಅತ್ತಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಹಳ್ಳದ ಆಚೆ ಕಬ್ಬಿಗೆ ನೀರು ಬಿಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಬಿಸಿಲೇರುವ ತನಕ ಅತ್ತಳು. ನಾನೂ ಅತ್ತೆ. ನನಗೂ ಅಪ್ಪ ಅವತ್ತೇ ಸತ್ತ.

ಅವತ್ತು ರಾತ್ರಿ ಆಕೆ ಮೂರೇ ಜನಕ್ಕೆ ರೊಟ್ಟಿ ಬಡಿದಳು.

ಈಗ ಕೇಳು. ಅವ್ವ ಮಲಗಿದ ಮೇಲೆ ಮಾಮ ನನಗೆ ಹೇಳಿದರು, "ಖರೆ ಹೇಳ್ತೇನಿ, ನನಗ ಗೊತ್ತಾಗಲಿಲ್ಲ. ಎಡಕ ಅನಿಸ್ತು, ಎಡಕ ಹೋದೆ. ಮುದುಕಿ ಕಾಯಾಕತ್ತಿದ್ಲು." ಎಂದರೆ ಅದು ಅಪ್ಪನದೂ ಇರಬಹುದು, ಆ ಹೆಸರಿಲ್ಲದ ಮುದುಕನದೂ ಇರಬಹುದು. ಇದು ನಮ್ಮಿಬ್ಬರಿಗೆ ಗೊತ್ತು, ಈಗ ನಿನಗೆ. ಅವ್ವನಿಗೆ ಗೊತ್ತಿಲ್ಲ, ಗೊತ್ತಾಗಬಾರದು.

ಕಲ್ಲು ನೆಡೋಣವೇ ಎಂದು ಮಾಮ ಅಲ್ಲೇ ಕೇಳಿದ್ದರು. ಅವ್ವ ಬೇಡ ಎಂದಳು. "ಮಾಳು ಬಂದು ನೆಡ್ತಾನ. ಮಗ ನೆಡೂದು ಅದು." ಹಿತ್ತಲಲ್ಲಿ ಒಂದು ಕಲ್ಲು ಆರಿಸಿ ತೊಳೆದಿಟ್ಟಿದ್ದಾಳೆ.

ನೀನು ಮೂಲ ಹುಡುಕುವವನು. ಸೊಟ್ಟ ತಳಪಾಯದ ಮೇಲೆ ಗೋಡೆ ಹೇಗೆ ಎತ್ತಲಿ ಎಂದು ಬರೆದವನು. ನೆಡುತ್ತಿಯೋ ಇಲ್ಲವೋ ನಿನಗೆ ಬಿಟ್ಟದ್ದು. ಇಲ್ಲವೆಂದರೆ ಈಗಲೇ ಬರಿ, ಅವ್ವನಿಗೆ ಏನಾದರೊಂದು ಹೇಳಿ ಸಮಾಧಾನ ಮಾಡುತ್ತೇನೆ. ಬಂದ ಮೇಲೆ ಆಕೆಯ ಮುಂದೆ ನಿಂತು ಇಲ್ಲ ಎನ್ನಬೇಡ.

ಅಕ್ಕ
ಪೂನಮ್

*

ತರಬೇತಿ ಶಾಲೆ, ಹೈದರಾಬಾದ್
೧೯ ಏಪ್ರಿಲ್ ೨೦೨೬

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ಮೇ ಹತ್ತರೊಳಗೆ ನಾನು ಅಲ್ಲಿರುತ್ತೇನೆ. ಲೇಖನ ಬರೆಯುವುದಿಲ್ಲ ಎಂದು ಹೇಳಿದ್ದೇನೆ. ಬನಹಟ್ಟಿಯ ಸಭೆ ನನಗೆ ಕೊಡುತ್ತಾರೋ ಇಲ್ಲವೋ ತಿಳಿಯದು.

ನೀನು ಎಡಗಡೆ ಎಂದಷ್ಟೇ ಬರೆದಿದ್ದಿ. ರಸ್ತೆಯ ಕಡೆಯಿಂದ ಬಂದು ನಿಂತರೆ ಎಡವೋ, ಹಳ್ಳದ ಕಡೆಯಿಂದ ಬಂದು ನಿಂತರೆ ಎಡವೋ? ಮಾಮನನ್ನು ಕೇಳಿ ಸರಿಯಾಗಿ ಬರಿ. ಕಲ್ಲು ಹೊತ್ತುಕೊಂಡು ಹೋದಾಗ ಅವ್ವನ ಮುಂದೆ ನಾನು ಯಾವುದು ಎಂದು ನೋಡುತ್ತ ನಿಲ್ಲಬಾರದು.

ಮಾಳು